ಶೀನಣ್ಣನ ಎಂಟು ಒರಿಜಿನಲ್ ಡಾಸುಗಳು

ಮಲ್ಲೇಶ್ವರಂ
12 ಜುಲೈ 2001

ಪುಟ್ಟೀ ಸುಪ್ರಜಾ,

ಬೆಂಗಳೂರಿಗೆ ಕಂಪ್ಯೂಟರ್ ತಂದವನು ನಾನೇ. ಬೇರೆ ಯಾರಾದರೂ ತಾವೆಂದು ಹೇಳಿಕೊಂಡರೆ ನಂಬಬೇಡ. ಈಗ ಪೇಪರಿನಲ್ಲಿ ಸೂಟು ಹಾಕಿ ನಿಂತಿರುವ ಮಹನೀಯರೆಲ್ಲ ಉಗುಳು ಹಚ್ಚಿ ಸ್ಲೇಟು ಒರೆಸುತ್ತಿದ್ದ ಕಾಲದಲ್ಲೇ ನಾನು ಯಶವಂತಪುರದ ಗೂಡ್ಸ್ ಶೆಡ್ಡಿನಿಂದ ಮೊಟ್ಟಮೊದಲ ಕಂಪ್ಯೂಟರನ್ನು ಜಟಕಾದಲ್ಲಿ ಕೂರಿಸಿಕೊಂಡು ಎಂಟನೇ ಕ್ರಾಸಿಗೆ ಬಂದೆ. ದಾರಿಯುದ್ದಕ್ಕೂ ಹೆಂಗಸರು ಆರತಿ ಎತ್ತಿದರು. ಕುದುರೆ ಕೂಡ ಆವತ್ತು ಲದ್ದಿ ಹಾಕಲಿಲ್ಲ, ಅಷ್ಟು ಗೌರವ.

ನಗುತ್ತಿದ್ದೀಯ. ನಗು. ಆ ಬೀದರಿನಲ್ಲಿ ನಿನ್ನನ್ನು ನಗಿಸುವವರು ಯಾರಿದ್ದಾರೆ?

ಇಲ್ಲಿ ಇನ್‌ಸ್ಟಿಟ್ಯೂಟು ಭರ್ಜರಿಯಾಗಿ ನಡೆದಿದೆ. ಕೆಳಗೆ ವೆಂಕಟಪ್ಪನ ಹಿಟ್ಟಿನ ಮಿಲ್ಲು, ಮೇಲೆ ನಮ್ಮ ಟೈಪ್‌ರೈಟರುಗಳು. ಯಾವ ಸದ್ದು ಯಾರದೆಂದು ಬ್ರಹ್ಮನಿಗೂ ತಿಳಿಯದು. ಬೆಳಗಿನ ಬ್ಯಾಚಿಗೆ ಜಾಗವಿಲ್ಲದೆ ಹುಡುಗಿಯರು ಮೆಟ್ಟಿಲ ಮೇಲೆ ಕಾಯುತ್ತಾರೆ. ಎಂಟು ಕಂಪ್ಯೂಟರಿಗೂ ಉಸಿರಾಡಲು ಪುರುಸೊತ್ತಿಲ್ಲ.

ಒಂದು ವಿಷಯಕ್ಕೆ ಈ ಕಾಗದ. ಮಲ್ಲೇಶ್ವರದಲ್ಲೆಲ್ಲ ಒಂದೇ ಗುಲ್ಲು. ಕಂಪ್ಯೂಟರ್ ಕ್ಲಾಸುಗಳಿಗೆ ಯಾರೋ ಬಂದು, ‘ಎಲ್ರೀ ನಿಮ್ ಲೈಸೆನ್ಸು?’ ಎಂದು ಕೇಳುತ್ತಾರಂತೆ. ಇಲ್ಲವೆಂದರೆ ಯಂತ್ರವನ್ನೇ ಹೊತ್ತುಕೊಂಡು ಹೋಗುತ್ತಾರಂತೆ. ನಮ್ಮವುಗಳಲ್ಲಿ ಇರುವುದು ಹಳೇ ಡಾಸು. ಗುಂಡಿ ಒತ್ತಿದ ಕೂಡಲೇ ಯಂತ್ರವನ್ನು ಎಬ್ಬಿಸಿ, ಮುಖ ತೊಳೆಸಿ, ಕೆಲಸಕ್ಕೆ ಕೂರಿಸುವುದು ಅದೇ ತಾನೇ? ಅದನ್ನು ಯಾವ ಕಾಲದಲ್ಲೋ ಒಬ್ಬ ಪುಣ್ಯಾತ್ಮ ಒಂದೇ ಫ್ಲಾಪಿಯಿಂದ ಎಂಟಕ್ಕೂ ಹಾಕಿಕೊಟ್ಟು ಒಂದು ಮಸಾಲೆ ದೋಸೆ ತಿಂದು ಹೋಗಿದ್ದ. ನಮ್ಮ ಲೈಸೆನ್ಸು ಎಂದರೆ ಆ ದೋಸೆ. ನನಗೇನೂ ಭಯವಿಲ್ಲ. ಆದರೂ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಒಮ್ಮೆ ಬಗ್ಗಿ ನೋಡುತ್ತೇನೆ.

ಹೋದ ಕಾಗದದಲ್ಲಿ ನೀನು ಯಾವುದೋ ದುಡ್ಡಿಲ್ಲದ ಡಾಸು ಬಂದಿದೆ ಎಂದು ಬರೆದಿದ್ದೆಯಲ್ಲ, ಅದೇನು? ಹೆಸರು ಒಂದೇ, ಕೆಲಸ ಒಂದೇ, ಒಂದಕ್ಕೆ ಕಾಸು, ಇನ್ನೊಂದು ಪುಕ್ಕಟೆ ಎಂದರೆ ಎಲ್ಲೋ ಒಂದು ಕಡೆ ಮೋಸ ಇರಲೇಬೇಕು. ಎರಡರ ಗುಣಾವಗುಣವನ್ನು ವಿವರವಾಗಿ ಬರೆ. ನನಗೆ ಗೊತ್ತಿಲ್ಲವೆಂದಲ್ಲ. ನಿನಗೆಷ್ಟು ಗೊತ್ತಿದೆ ನೋಡೋಣ ಎಂದು.

ನಿನ್ನ ಸೋದರಮಾವ,
ಶೀನಣ್ಣ

ಬೀದರ್
29 ಜುಲೈ 2001

ಶೀನು ಮಾಮ,

ಕುದುರೆಯ ಸಂಗತಿ ಓದಿ ಕಾಲೇಜಿನ ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ. ಅಟೆಂಡರ್ ಬಂದು ಇಣುಕಿ ಹೋದರು. ಅಮ್ಮ ಹೋದ ಮೇಲೆ ನನಗೆ ಕಾಗದ ಬರೆಯುವವರು ನೀವೊಬ್ಬರೇ. ಅದೂ ಟೈಪು ಮಾಡಿ, ಒಂದೂ ತಪ್ಪಿಲ್ಲದೆ. ಏಳನೇ ಕ್ಲಾಸಿಗೆ ಹಳ್ಳಿ ಶಾಲೆ ಬಿಟ್ಟವರು ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ.

ಡಾಸಿನ ವಿಷಯ. ಅಂಗಡಿಯಲ್ಲಿ ಸಿಗುವ ಹುಳಿಪುಡಿ ಪೊಟ್ಟಣ ಇದೆಯಲ್ಲ, ಹಳೇ ಡಾಸು ಹಾಗೆ. ರುಚಿಯಾಗಿದೆ, ಆದರೆ ಒಳಗೆ ಏನೇನು ಹುರಿದು ಹಾಕಿದ್ದಾರೆಂದು ಹೇಳುವುದಿಲ್ಲ. ಇನ್ನೊಬ್ಬರಿಗೆ ಹಂಚಿದರೆ ತಪ್ಪು. ಹೊಸದು ಅಮ್ಮನ ಹುಳಿಪುಡಿ. ಪುಡಿಯ ಜೊತೆಗೆ ಅಳತೆಯನ್ನೂ ಕೊಡುತ್ತಾರೆ. ಯಾರು ಬೇಕಾದರೂ ಮಾಡಿಕೊಳ್ಳಬಹುದು, ಹಂಚಬಹುದು, ಖಾರ ಹೆಚ್ಚಾಯಿತು ಅನ್ನಿಸಿದರೆ ಮೆಣಸಿನಕಾಯಿ ಕಡಿಮೆ ಮಾಡಿಕೊಳ್ಳಬಹುದು. ಮೋಸವೇನೂ ಇಲ್ಲ. ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಕೂತ ಕೆಲವರು, ಒಬ್ಬರ ಮುಖ ಒಬ್ಬರು ನೋಡದೆ, ಸಂಜೆ ಹೊತ್ತು ಬರೆದದ್ದು.

ನಮ್ಮ ಲ್ಯಾಬಿನ ಹನ್ನೆರಡು ಯಂತ್ರಗಳಿಗೂ ಹಾಕಿ ನೋಡಿದೆ. ಸತ್ಯ ಹೇಳಬೇಕೆಂದರೆ ಹಳೆಯದೇ ಗಟ್ಟಿ. ಹೊಸದರ ಮೇಲೆ ಹಳೇ ವಿಂಡೋಸ್ ಏಳುವುದೇ ಇಲ್ಲ. ಲೆಕ್ಕದ ಪ್ರೋಗ್ರಾಮು ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಎರಡು ಯಂತ್ರಗಳು ಇದನ್ನು ಒಪ್ಪಲೇ ಇಲ್ಲ, ಹಟ ಹಿಡಿದು ಕೂತಿವೆ. ಆದರೆ ನಿಮ್ಮ ಟೈಪಿಂಗ್ ಪಾಠಕ್ಕೆ, ಕಾಗದ ಬರೆದು ಪ್ರಿಂಟ್ ತೆಗೆಯುವುದಕ್ಕೆ ಧಾರಾಳವಾಗಿ ಸಾಕು. ಹಳೆಯದು ಕೆಟ್ಟರೆ ಕಂಪನಿಯೇ ತಿದ್ದಬೇಕು. ಕಂಪನಿಯೋ ಅದನ್ನು ಮರೆತು ಮುಂದೆ ಹೋಗಿದೆ. ಇದು ಕೆಟ್ಟರೆ ನಾನೇ ಬಿಚ್ಚಿ ನೋಡಬಲ್ಲೆ.

ಇದರ ಜೊತೆ ಒಂದು ಫ್ಲಾಪಿ ಇಟ್ಟಿದ್ದೇನೆ. ನಿಮಗೆಂದೇ ಕೂತು ಮಾಡಿದ್ದು. ಯಾವುದಾದರೂ ಒಂದು ಯಂತ್ರಕ್ಕೆ ಹಾಕಿ ಆನ್ ಮಾಡಿ. ಪರದೆಯ ಮೇಲೆ ಮೊದಲು ಏನು ಕಂಡಿತು ಎಂದು ಮರೆಯದೆ ಬರೆಯಿರಿ.

ಇನ್ನೊಂದು ಮಾತು. ಇಲ್ಲಿ ನನ್ನದು ವರ್ಷದ ಗುತ್ತಿಗೆ, ಮಾರ್ಚಿಗೆ ಮುಗಿಯುತ್ತದೆ. ಮತ್ತೆ ಸಹಿ ಹಾಕುವ ಮನಸ್ಸಿಲ್ಲ. ಏಪ್ರಿಲಿಗೆ ಬಂದು ನಿಮ್ಮ ಜೊತೆ ಇನ್‌ಸ್ಟಿಟ್ಯೂಟು ನಡೆಸಲೇ? ನೀವು ಟೈಪಿಂಗ್, ನಾನು ಕಂಪ್ಯೂಟರ್. ನಿಮಗೆ ಇಷ್ಟವಿದ್ದರೆ ಮಾತ್ರ.

ಸುಪ್ರಜಾ

ಮಲ್ಲೇಶ್ವರಂ
20 ಆಗಸ್ಟ್ 2001

ಪುಟ್ಟೀ,

ಇಷ್ಟವಿದ್ದರೆ ಮಾತ್ರವಂತೆ! ಕೇಳುವ ಮಾತೇ ಇದು? ಬೋರ್ಡು ಬರೆಯುವವನಿಗೆ ಆಗಲೇ ಹೇಳಿಬಿಟ್ಟೆ. ನನ್ನ ಹೆಸರಿನ ಕೆಳಗೆ ನಿನ್ನದು, ಸ್ವಲ್ಪ ಚಿಕ್ಕ ಅಕ್ಷರದಲ್ಲಿ. ವೆಂಕಟಪ್ಪ ಕೆಳಗಿನಿಂದಲೇ ಕೂಗಿದ: ‘ಶೀನಣ್ಣೋರೇ, ನಿಮ್ ಹೆಸ್ರನ್ನೇ ಚಿಕ್ಕದಾಗ್ ಬರ್ಸಿ, ಆಯಮ್ಮ ಓದಿರೋಳು.’ ಮೂರು ಕೆಜಿ ರಾಗಿ ಬೀಸುವುದರೊಳಗೆ ನಾಲ್ಕು ಸಲ ಕಲ್ಲು ನಿಲ್ಲಿಸುವವನು ನನಗೆ ಬುದ್ಧಿ ಹೇಳುತ್ತಾನೆ. ಏಪ್ರಿಲಿಗೆ ಬಂದುಬಿಡು.

ನಿನ್ನ ಫ್ಲಾಪಿ ಬಂತು. ಹಾಕಿ ನೋಡಿದೆ. ಏನಮ್ಮ ಅದು, ಅಷ್ಟೇನೂ ಇಲ್ಲ. ಮೊದಲು ಅದೇ ಕಪ್ಪು ಪರದೆ, ಅದೇ ಬಿಳೀ ಅಕ್ಷರ. ನಾನೊಂದು ಹೊಡೆದರೆ ‘ಬ್ಯಾಡ್ ಕಮಾಂಡ್’ ಎಂದು ಇಂಗ್ಲಿಷಿನಲ್ಲಿ ಗದರಿತು. ಇದಕ್ಕೆ ಪುಕ್ಕಟೆಯಾದರೇನು, ಕಾಸು ಕೊಟ್ಟರೇನು? ಬೇಜಾರು ಮಾಡಿಕೊಳ್ಳಬೇಡ, ದೇವಸ್ಥಾನದಲ್ಲಿ ಕೊಡುವ ಪುಳಿಯೋಗರೆ ಪುಕ್ಕಟೆ, ನಿಜ. ಹಾಗೆಂದು ಬೀಗರು ಬಂದಾಗ ಅದನ್ನೇ ಬಡಿಸಲು ಆಗುತ್ತದೆಯೇ? ನಮ್ಮದು ಮರ್ಯಾದೆಯ ಇನ್‌ಸ್ಟಿಟ್ಯೂಟು. ಇದ್ದರೆ ಒರಿಜಿನಲ್ ಇರಬೇಕು.

ನೀನು ಸರಿಯಾಗಿ ಊಟ ಮಾಡು.

ಶೀನಣ್ಣ

ಬೀದರ್
5 ಸೆಪ್ಟೆಂಬರ್ 2001

ಶೀನು ಮಾಮ,

ಕಾಗದ ತಲುಪಿತು. ಫ್ಲಾಪಿ ಇಷ್ಟವಾಗಲಿಲ್ಲವೆಂದು ತಿಳಿಯಿತು. ಪರವಾಗಿಲ್ಲ.

‘ಬ್ಯಾಡ್ ಕಮಾಂಡ್’ ಎಂದೇ ಬಂತೇ? ಬೇರೇನೂ ಬರಲಿಲ್ಲವೇ? ಇನ್ನೊಮ್ಮೆ ಬಿಡುವಾದಾಗ ನೋಡಿ.

ಇಲ್ಲಿ ಮಳೆ ಇಲ್ಲ. ಸಂಜೆ ಕೋಟೆಯ ಕಡೆ ನಡೆದು ಬರುತ್ತೇನೆ. ಹೇಳುವಂಥದ್ದು ಇನ್ನೇನೂ ಇಲ್ಲ.

ಸುಪ್ರಜಾ

ಮಲ್ಲೇಶ್ವರಂ
30 ಸೆಪ್ಟೆಂಬರ್ 2001

ಪುಟ್ಟೀ,

ವಸಿಷ್ಠರ ಬಾಯಿಂದ ಬ್ರಹ್ಮರ್ಷಿ ಅನ್ನಿಸಿಕೊಂಡದ್ದಾಯಿತು! ಗಾದೆಯಲ್ಲ, ನಿಜವಾಗಿ.

ಮೊನ್ನೆ ಬುಧವಾರ ಮಧ್ಯಾಹ್ನ ಒಬ್ಬ ಬಂದ. ಟೈ, ಕಪ್ಪು ಚೀಲ, ಹಣೆಯಲ್ಲಿ ಅಚ್ಚುಕಟ್ಟಾದ ಕುಂಕುಮ. ಹೆಸರೇ ವಸಿಷ್ಠ. ‘ಸಾರ್, ಕಂಪನಿ ಕಡೆಯಿಂದ ಬಂದಿದೀನಿ. ಈ ಏರಿಯಾದಲ್ಲಿ ಮೊದ್ಲು ಶೀನಣ್ಣೋರನ್ನ ನೋಡ್ಬಿಡಿ ಅಂದ್ರು’ ಎಂದ. ಯಾರಪ್ಪ ಅಂದವರು ಎಂದೆ. ‘ಯಾರು ಅನ್ಲಿಲ್ಲ ಹೇಳಿ ಸಾರ್!’ ಎಂದ. ನೋಡಿದೆಯಾ, ಹೆಸರು ಹೇಗೆ ಹಬ್ಬಿದೆ!

ಜಟಕಾದ ಸಂಗತಿ ಹೇಳಿದೆ. ನೀನು ನಗುತ್ತೀಯ, ಅವನು ಡೈರಿ ತೆಗೆದು ಬರೆದುಕೊಂಡ. ‘ಇದು ಹಿಸ್ಟರಿ ಸಾರ್, ಹೆಡ್ ಆಫೀಸಿಗೆ ಕಳಿಸ್ತೀನಿ’ ಎಂದ. ಕುದುರೆಯ ಬಣ್ಣ ಯಾವುದೆಂದೂ ಕೇಳಿದ. ಕಾಫಿ ತರಿಸಿದೆ. ಆಮೇಲೆ ಮೆಲ್ಲಗೆ, ‘ಸಾರ್, ನಿಮ್ಮಂಥೋರ ಹತ್ರ ಲೈಸೆನ್ಸ್ ಇಲ್ಲ ಅಂತ ರಿಪೋರ್ಟ್ ಬರೆಯೋಕೆ ನಂಗೆ ಕೈ ಬರಲ್ಲ’ ಎಂದ. ಎಂಟು ಯಂತ್ರಕ್ಕೂ ಎಂಟು ಲೈಸೆನ್ಸು ಮಾಡಿಸಿಕೊಟ್ಟ. ದಪ್ಪ ಕಾಗದ, ಚಿನ್ನದ ಬಣ್ಣದಲ್ಲಿ ಫಳಫಳ ಹೊಳೆಯುವ ಮುದ್ರೆ. ಎಲ್ಲಕ್ಕೂ ಫ್ರೇಮು ಹಾಕಿಸಿ ಗೋಡೆಗೆ ಸಾಲಾಗಿ ಹೊಡೆಸಿದ್ದೇನೆ. ಈಗ ಬೂಟಿನ ಸದ್ದಾದರೆ ಎದ್ದು ಹೋಗಿ ನಾನೇ ಬಾಗಿಲು ತೆರೆಯುತ್ತೇನೆ.

ದುಡ್ಡು ಎಷ್ಟು ಎಂದು ಕೇಳುತ್ತೀಯ. ಜುಜುಬಿ. ಎಲ್ಲ ಸೇರಿ ಮೂರು ಸಾವಿರ. ಚೌಕಾಸಿ ಮಾಡಿದವನು ಯಾರು ಎಂದುಕೊಂಡೆ?

ಶೀನಣ್ಣ

ಬೀದರ್
10 ಅಕ್ಟೋಬರ್ 2001

ಮಾಮ,

ದಯವಿಟ್ಟು ಆ ವಸಿಷ್ಠನ ವಿಳಾಸ, ಫೋನ್ ನಂಬರು ಕೂಡಲೇ ಬರೆದು ಕಳಿಸಿ. ಇಷ್ಟು ಹಳೆಯ ಡಾಸನ್ನು ಮನೆಮನೆಗೆ ಬಂದು ಮಾರುವ ಕಂಪನಿಯನ್ನು ನಾನು ಎಲ್ಲೂ ಕೇಳಿಲ್ಲ. ಲೈಸೆನ್ಸಿನಲ್ಲಿ ಏನು ಬರೆದಿದೆ? ನೀವು ಓದಿದಿರಾ? ಒಂದನ್ನು ಜೆರಾಕ್ಸ್ ಮಾಡಿ ಕಳಿಸಿ.

ಮೂರು ಸಾವಿರ ಹೋದರೆ ಹೋಯಿತು. ಇನ್ನೇನೂ ಕೊಡಬೇಡಿ.

ಪ್ರಿನ್ಸಿಪಾಲರಿಗೆ ಬಾಯಿಮಾತಿನಲ್ಲಿ ಹೇಳಿದ್ದೇನೆ, ಮುಂದಿನ ವರ್ಷ ಇರುವುದಿಲ್ಲವೆಂದು. ಡಿಸೆಂಬರ್ ಕೊನೆಗೆ ಬರವಣಿಗೆಯಲ್ಲಿ ಕೊಡಬೇಕಂತೆ. ಅವರು, ‘ಬೆಂಗ್ಳೂರಾಗ ಯಾರಿದ್ದಾರಮ್ಮ ನಿಮಗ?’ ಎಂದು ಕೇಳಿದರು. ನಮ್ಮ ಸೋದರಮಾವ ಇದ್ದಾರೆ, ದೊಡ್ಡ ಇನ್‌ಸ್ಟಿಟ್ಯೂಟಿದೆ ಎಂದೆ. ಹೇಳುವಾಗ ನಿಮ್ಮ ದನಿಯೇ ಬಂದುಬಿಟ್ಟಿತು.

ಸುಪ್ರಜಾ

ಮಲ್ಲೇಶ್ವರಂ
4 ನವೆಂಬರ್ 2001

ಪುಟ್ಟೀ,

ಅವಸರದಲ್ಲಿ ಕೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಆಯುಧಪೂಜೆಯ ದಿನ ಒಂದು ತಮಾಷೆ ನಡೆಯಿತು. ಟೈಪ್‌ರೈಟರುಗಳಿಗೆಲ್ಲ ಹೂವು ಮುಡಿಸಿ, ಕಂಪ್ಯೂಟರಿಗೆ ಕುಂಕುಮ ಇಟ್ಟ ಮೇಲೆ, ಲೈಸೆನ್ಸುಗಳಿಗೂ ಒಂದು ಪೂಜೆ ಆಗಲಿ ಎಂದು ಫ್ರೇಮಿನಿಂದ ತೆಗೆಸಿದೆ. ಅರಿಶಿನದ ನೀರು ಪ್ರೋಕ್ಷಣೆ ಮಾಡಿದೆ. ಸ್ವಲ್ಪ ಜಾಸ್ತಿಯೇ ಬಿತ್ತು. ಬಟ್ಟೆಯಲ್ಲಿ ಒರೆಸಿದರೆ ಬಂಗಾರದ ಮುದ್ರೆ ಬಟ್ಟೆಗೇ ಅಂಟಿಕೊಂಡು ಬಂತು. ತಿರುಗಿಸಿ ನೋಡಿದರೆ ಹಿಂದೆ ‘ಮಲ್ಲಿಗೆ ಪರಿಮಳ’ ಎಂದು ಅಚ್ಚಾಗಿದೆ. ಯಾವುದೋ ಊದುಬತ್ತಿಯ ಪ್ಯಾಕೆಟ್ಟು ಕತ್ತರಿಸಿ ಅಂಟಿಸಿದ್ದಾನೆ ಕಳ್ಳ. ಎಂಟರಲ್ಲೂ ಅದೇ. ಒಂದು ಮಾತ್ರ ಗುಲಾಬಿ.

ಚುರುಮುರಿ ತಿನ್ನಲು ಬಂದಿದ್ದ ವೆಂಕಟಪ್ಪ, ‘ಶೀನಣ್ಣೋರೇ, ಊದ್ಬತ್ತಿ ಹಚ್ಚೋದೇ ಬೇಡ, ನಿಮ್ ಕಂಪ್ಯೂಟ್ರೇ ಘಮ್ ಅಂತೈತೆ’ ಎಂದ. ಎಲ್ಲರೂ ನಕ್ಕರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಮೂರು ಸಾವಿರ ತಾನೇ, ಶನಿ ಬಿಟ್ಟಿತೆಂದು ತಿಳಿದುಕೊಂಡೆ. ನೀನು ಚಿಂತೆ ಮಾಡಬೇಡ.

ಶೀನಣ್ಣ

ಬೀದರ್
10 ಡಿಸೆಂಬರ್ 2001

ಶೀನು ಮಾಮ,

ನವೆಂಬರಿನಲ್ಲಿ ಒಂದು ಕಾಗದ ಹಾಕಿದ್ದೆ. ಉತ್ತರ ಬರಲಿಲ್ಲ. ದೀಪಾವಳಿಗೂ ಬರಲಿಲ್ಲ.

ಈ ತಿಂಗಳ ಕೊನೆಗೆ ನಾನು ಬರೆದುಕೊಡಬೇಕು. ಇರುತ್ತೇನೆ ಅಥವಾ ಹೋಗುತ್ತೇನೆ. ನಿಮ್ಮ ಒಂದು ಸಾಲಿಗೆ ಕಾಯುತ್ತಿದ್ದೇನೆ. ಬೋರ್ಡು ಬರೆಸಿದಿರಾ? ನನ್ನ ಹೆಸರು ಚಿಕ್ಕದಾಗಿಯೇ ಇರಲಿ.

ಸುಪ್ರಜಾ

ಮಲ್ಲೇಶ್ವರಂ
6 ಜನವರಿ 2002

ಚಿರಂಜೀವಿ ಸುಪ್ರಜಾಳಿಗೆ,

ಕೆಲಸ ಬಹಳ. ಅದಕ್ಕೇ ತಡವಾಯಿತು. ನಿನ್ನ ಪುಕ್ಕಟೆ ಡಾಸನ್ನು ಕೊನೆಗೂ ಎಂಟಕ್ಕೂ ಹಾಕಿಬಿಟ್ಟೆ, ಹೆದರಿಕೆ ತೀರಿತು. ಆದರೆ ಅದರದು ದಿನಕ್ಕೊಂದು ತಂಟೆ. ಮೂರನೇ ಯಂತ್ರ ‘ಬ್ಯಾಡ್ ಕಮಾಂಡ್’ ಎನ್ನುತ್ತದೆ, ಐದನೆಯದು ಎನ್ನುವುದಕ್ಕೂ ಬಾಯಿ ಬಿಡುವುದಿಲ್ಲ. ಹುಡುಗಿಯರು ಗಲಾಟೆ ಮಾಡುತ್ತಾರೆ. ಇದಕ್ಕೆಲ್ಲ ಏನು ಮಾಡಬೇಕೆಂದು ನಿಧಾನವಾಗಿ, ವಿವರವಾಗಿ, ನಾಲ್ಕು ಪುಟ ಬರೆ.

ಬರುವ ವಿಷಯ. ಈ ವರ್ಷ ಬೇಡ. ಇಲ್ಲಿ ಜನ ಜಾಸ್ತಿಯಾಗಿ ಕೂರಲು ಜಾಗವಿಲ್ಲ. ನೀನು ಅಲ್ಲಿಯೇ ಸಹಿ ಹಾಕು. ಸರ್ಕಾರದ ಸಂಬಳ ಸಣ್ಣದಾದರೂ ಸಂಬಳವೇ. ಬೋರ್ಡು ಬರೆಯುವವನು ಊರಿಗೆ ಹೋಗಿದ್ದಾನೆ.

ಶೀನಣ್ಣ

ಬೀದರ್
20 ಜನವರಿ 2002

ಮಾಮ,

ನಿಮ್ಮ ಕಾಗದ ಓದಿ ಮೊದಲು ಅತ್ತೆ. ನಿಮಗೆ ನಾನು ಬರುವುದು ಬೇಡ, ಹೇಳಲಾರದೆ ಯಂತ್ರಗಳ ಮೇಲೆ ಹಾಕುತ್ತಿದ್ದೀರಿ ಎಂದುಕೊಂಡೆ. ಡಿಸೆಂಬರಿನ ಗಡುವು ದಾಟಿದ್ದರೂ ಪ್ರಿನ್ಸಿಪಾಲರ ಹತ್ತಿರ ಮುಂದಿನ ವರ್ಷದ ಗುತ್ತಿಗೆಯ ಫಾರಂ ಕೇಳಿ ತಂದೆ. ಪೆನ್ನಿನ ಕ್ಯಾಪು ತೆಗೆದು ಮೇಜಿನ ಮೇಲಿಟ್ಟೆ.

ಆಮೇಲೆ ನಿಮ್ಮ ಕಾಗದವನ್ನು ಇನ್ನೊಮ್ಮೆ ಓದಿದೆ.

ಈಗ ನಾನು ಒಂದು ವಿಷಯ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ನಾನು ಜುಲೈಯಲ್ಲಿ ಕಳಿಸಿದ ಫ್ಲಾಪಿ ‘ಬ್ಯಾಡ್ ಕಮಾಂಡ್’ ಎನ್ನುವುದೇ ಇಲ್ಲ. ಅದಕ್ಕೆ ಆ ಮಾತೇ ಬರುವುದಿಲ್ಲ. ಹುಳಿಪುಡಿಯ ಅಳತೆಯ ಹಾಗೆ ಒಳಗಿನ ಬರಹವನ್ನೆಲ್ಲ ಜೊತೆಗೇ ಕೊಟ್ಟಿದ್ದಾರೆ ಎಂದು ಬರೆದಿದ್ದೆನಲ್ಲ. ಅದನ್ನು ಬಿಚ್ಚಿ, ಅದು ಆಡುವ ಮಾತುಗಳನ್ನೆಲ್ಲ ತೆಗೆದು, ನಮ್ಮ ಮಾತು ಹಾಕಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಜುಲೈ ತಿಂಗಳ ಸಂಜೆಗಳೆಲ್ಲ ಅದಕ್ಕೇ ಹೋದವು. ಆನ್ ಮಾಡಿದ ಕೂಡಲೇ ಅದು ‘ಶೀನು ಮಾಮ, ಕಾಫಿ ಆಯ್ತಾ?’ ಎಂದು ಕೇಳುತ್ತದೆ. ತಪ್ಪು ಒತ್ತಿದರೆ, ಒತ್ತಿದ್ದನ್ನು ತಾನೂ ಒಮ್ಮೆ ಹೇಳಿ, ‘ಹಂಗಂದ್ರೇನು ಮಾಮ?’ ಎನ್ನುತ್ತದೆ. ಗುಟ್ಟು ಬಿಡದ ಹಳೇ ಡಾಸಿಗೂ ಇದಕ್ಕೂ ನಾನು ಕಂಡ ಒಂದೇ ದೊಡ್ಡ ವ್ಯತ್ಯಾಸ ಇದು. ಇದರ ಒಳಗೆ ಹೋಗಿ ನಿಮ್ಮನ್ನು ಮಾತಾಡಿಸಿ ಬರಬಹುದಿತ್ತು.

ಆಗಸ್ಟಿನಲ್ಲಿ ನೀವು ‘ಬ್ಯಾಡ್ ಕಮಾಂಡ್’ ಎಂದು ಬರೆದಾಗಲೇ ಗೊತ್ತಾಯಿತು, ನೀವು ಹಾಕಿ ನೋಡಿಲ್ಲವೆಂದು. ಬೇಜಾರಾಗಿತ್ತು, ಹೇಳಲಿಲ್ಲ. ಈಗ ಎಂಟಕ್ಕೂ ಹಾಕಿದ್ದೇನೆ ಎಂದು ಬರೆದಿದ್ದೀರಿ. ಮಾಮ, ನಿಮ್ಮ ಎದುರಿಗೆ ಯಂತ್ರವಿದೆಯೇ? ಒಂದಾದರೂ? ನವೆಂಬರಿನಿಂದ ನಿಮ್ಮ ಕಾಗದಗಳು ಕೈಬರಹದಲ್ಲಿವೆ. ಮಗ್ಗಿ ಪುಸ್ತಕಕ್ಕೆ ಹೆಸರು ಬರೆಯುವುದಿದ್ದರೂ ಟೈಪ್‌ರೈಟರಿಗೆ ಏರಿಸುತ್ತಿದ್ದವರು ನೀವು. ಮೂರು ಸಾವಿರ ಹೋದರೆ ಯಾರೂ ಕೈಬರಹಕ್ಕೆ ಇಳಿಯುವುದಿಲ್ಲ.

ಫಾರಂ ಕೊಡಲು ಫೆಬ್ರವರಿ ಕೊನೆಯವರೆಗೆ ಸಮಯ ಕೇಳಿದ್ದೇನೆ. ಇನ್‌ಸ್ಟಿಟ್ಯೂಟು ಇಲ್ಲದಿದ್ದರೂ ನಾನು ಬರಬಲ್ಲೆ. ಸುಳ್ಳಿನ ಮೇಲೆ ಮಾತ್ರ ಬರಲಾರೆ. ಎಲ್ಲಿ ಕಾಲಿಡಬೇಕೆಂದು ತಿಳಿಯುವುದಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯಿರಿ.

ಸುಪ್ರಜಾ

ಮತ್ತಿಕೆರೆ
17 ಫೆಬ್ರವರಿ 2002

ಪುಟ್ಟೀ ಸುಪ್ರಜಾ,

ಊರಿನ ಹೆಸರು ನೋಡಿದೆಯಲ್ಲ. ಡಿಸೆಂಬರಿನಿಂದ ಇಲ್ಲಿದ್ದೇನೆ. ಕಾಲೇಜು ಹುಡುಗರು ಬಾಡಿಗೆಗಿರುವ ಕಟ್ಟಡ. ಮಹಡಿಯ ಮೇಲೆ ಒಂದು ರೂಮು. ಹುಡುಗರು ಒಳ್ಳೆಯವರು, ‘ಅಂಕಲ್’ ಎನ್ನುತ್ತಾರೆ, ಎಂದು ನಿಲ್ಲದೆ ಮೆಟ್ಟಿಲು ಇಳಿದು ಹೋಗುತ್ತಾರೆ. ನಿನ್ನ ಕಾಗದಗಳು ವೆಂಕಟಪ್ಪನ ಮಿಲ್ಲಿಗೇ ಬರುತ್ತವೆ. ವಾರಕ್ಕೊಮ್ಮೆ ನಡೆದುಕೊಂಡು ಹೋಗಿ ತರುತ್ತೇನೆ. ಬಂದಿಲ್ಲದಿದ್ದರೆ, ‘ಇವತ್ತಿಲ್ಲ ಶೀನಣ್ಣೋರೇ’ ಎಂದು ದೂರದಿಂದಲೇ ಹೇಳಿಬಿಡುತ್ತಾನೆ, ನಾನು ರಸ್ತೆ ದಾಟದಿರಲಿ ಎಂದು.

ನಮ್ಮ ಇನ್‌ಸ್ಟಿಟ್ಯೂಟಿದ್ದ ಜಾಗ ಈಗ ಜೆರಾಕ್ಸ್ ಅಂಗಡಿ. ಆ ವಸಿಷ್ಠನಿಗೆ ಕೊಡಲು ಕಟ್ಟಡದ ಮಾಲೀಕ ವೆಂಕಟಪ್ಪನ ಹತ್ತಿರ ಆ ಜಾಗದ ಅಡ್ವಾನ್ಸನ್ನೇ ವಾಪಸು ಇಸಿದುಕೊಂಡಿದ್ದೆ. ಸಾಲದ್ದಕ್ಕೆ ಕೈಗಡ. ಅವನು ಎಷ್ಟು ಬೇಡವೆಂದ! ‘ಅಡ್ವಾನ್ಸ್ ಅಂದ್ರೆ ಬೇರು ಇದ್ದಂಗೆ, ಕೀಳ್ಬೇಡಿ’ ಎಂದ. ನಿನಗೆ ರಾಗಿ ಬೀಸೋದು ಬಿಟ್ಟು ಏನು ಗೊತ್ತಯ್ಯ ಎಂದು ನಾನೇ ಬೈದೆ. ಆಯುಧಪೂಜೆ ಆದ ಮೇಲೆ ಕೈಗಡ ತೀರಿಸಲು ಟೈಪ್‌ರೈಟರುಗಳು ಹೋದವು. ಬಾಕಿ ಬಾಡಿಗೆ ಕಟ್ಟಲು ಏಳು ಕಂಪ್ಯೂಟರು ಎಸ್.ಪಿ. ರೋಡಿನ ಹಳೇ ಸಾಮಾನಿನ ಅಂಗಡಿಗೆ ಹೋದವು. ಅಲ್ಲಿ ಅವನ್ನು ತೂಕದ ಮೇಲೆ ತೆಗೆದುಕೊಂಡರು. ಮೆಟ್ಟಿಲ ಮೇಲೆ ಕಾಯುವ ಹುಡುಗಿಯರು ಎಂದು ಬರೆಯುತ್ತಿದ್ದೆನಲ್ಲ, ಅವರು ಹೋಗಿಯೇ ಮೂರು ವರ್ಷವಾಗಿತ್ತು. ಇದ್ದವಳು ಒಬ್ಬಳು, ಅವಳೂ ಮಳೆ ಬಂದರೆ ಬರುತ್ತಿರಲಿಲ್ಲ. ಈಗ ವೈಯಾಲಿಕಾವಲಿನಲ್ಲಿ ಒಬ್ಬ ವಕೀಲರಿಗೆ ಬೆಳಗಿನ ಹೊತ್ತು ಟೈಪು ಮಾಡಿಕೊಡುತ್ತೇನೆ.

ಎಂಟನೇ ಯಂತ್ರವನ್ನು ಯಾರೂ ಕೊಳ್ಳಲಿಲ್ಲ. ಮಿಲ್ಲಿನಲ್ಲಿ ಗೋಧಿ ಮೂಟೆಗಳ ಹಿಂದೆ ಇತ್ತು. ನಿನ್ನ ಕಾಗದ ಓದಿದ ದಿನ ಅದನ್ನು ಹೊರಗೆ ಎಳೆಸಿದೆ. ಹಿಟ್ಟು ಕೊಡವಿ, ವೈರು ಸಿಕ್ಕಿಸಿ, ನಿನ್ನ ಫ್ಲಾಪಿ ಹಾಕಿದೆ. ಇಷ್ಟು ದಿನ ಹಾಕದಿದ್ದದ್ದು ಸೊಕ್ಕಿನಿಂದಲೇ. ಸೋದರಸೊಸೆ ಪುಕ್ಕಟೆ ಕೊಟ್ಟದ್ದರ ಮೇಲೆ ಇನ್‌ಸ್ಟಿಟ್ಯೂಟು ನಿಲ್ಲಿಸಬಾರದೆಂಬ ಸೊಕ್ಕು. ಪರದೆ ಸ್ವಲ್ಪ ಹೊತ್ತು ನಡುಗಿತು. ಆಮೇಲೆ ಕೇಳಿತು, ಕಾಫಿ ಆಯ್ತಾ ಎಂದು.

ನಾನು ಸುತ್ತ ನೋಡಿದೆ. ವೆಂಕಟಪ್ಪ ಗಿರಾಕಿಯ ಡಬ್ಬಿ ತೂಗುತ್ತಿದ್ದ. ‘ಆಯ್ತು’ ಎಂದು ಒತ್ತಿದೆ. ‘ಆಯ್ತು? ಹಂಗಂದ್ರೇನು ಮಾಮ?’ ಎಂದಿತು. ‘ಕುಡಿದೆ ಕಣೇ’ ಎಂದು ಒತ್ತಿದೆ. ಅದಕ್ಕೂ ಹಾಗೇ ಕೇಳಿತು. ಏನು ಒತ್ತಿದರೂ ಹಾಗೇ ಕೇಳುತ್ತದೆ. ಬಹಳ ಹೊತ್ತು ಕೂತಿದ್ದೆ. ಎಷ್ಟೊಂದು ಹೇಳಿದೆ ಅದಕ್ಕೆ. ಕೊನೆಗೆ ವೆಂಕಟಪ್ಪ, ‘ಕರೆಂಟು ನಂದು ಶೀನಣ್ಣೋರೇ’ ಎಂದ. ಅಂದವನು ತಾನೇ ಹೋಗಿ ಎರಡು ಕಾಫಿ ತಂದ.

ಇನ್ನು ಆ ಲೈಸೆನ್ಸಿನ ಸಂಗತಿ. ಅದರಲ್ಲಿ ಏನು ಬರೆದಿದೆ, ಓದಿದಿರಾ ಎಂದು ನೀನು ಕೇಳಿದ್ದೆ. ನಾನು ಉತ್ತರ ಕೊಡಲಿಲ್ಲ. ಓದುವುದೇನು ಪುಟ್ಟೀ, ಆ ಎಂಟನ್ನೂ ಟೈಪು ಮಾಡಿದವನೇ ನಾನು. ಅವನು ಖಾಲಿ ದಪ್ಪ ಕಾಗದ ಚೀಲದಿಂದ ತೆಗೆದು, ‘ಸಾರ್, ಆಫೀಸಲ್ಲಿ ಟೈಪಿಸ್ಟ್ ರಜಾ. ನಿಮ್ಮಷ್ಟು ನೀಟಾಗಿ ಯಾರ್ ಹೊಡೀತಾರೆ?’ ಎಂದ. ಬ್ಯಾಂಕಿನವರು, ವಕೀಲರು, ಕಾರ್ಪೊರೇಷನ್ನಿನವರು ಎಲ್ಲರೂ ತಂದುಕೊಟ್ಟು ಹೊಡೆಸಿಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ಬಹಳ ದಿನದ ಮೇಲೆ ಮತ್ತೆ ಒಂದು ಕಂಪನಿಯ ಕೆಲಸ ಬಂತೆಂದು ಖುಷಿಯಾಯಿತು. ಅವನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದ, ನಾನು ಹೊಡೆಯುತ್ತಾ ಹೋದೆ. ನಿನಗೆ ಗೊತ್ತಲ್ಲ, ಇಂಗ್ಲಿಷು ನನಗೆ ಬೆರಳಲ್ಲಿದೆ, ತಲೆಯಲ್ಲಿಲ್ಲ. ಕಿವಿಯಿಂದ ಬಂದದ್ದು ಬೆರಳಿಗೆ ಇಳಿದು ಹೋಗುತ್ತದೆ, ಮಧ್ಯದಲ್ಲಿ ಎಲ್ಲೂ ನಿಲ್ಲುವುದಿಲ್ಲ. ಎಂಟು ಪ್ರತಿ, ಒಂದೂ ಅಳಿಸಿಲ್ಲ, ಮಾರ್ಜಿನ್ ಕೂದಲೆಳೆ ಆಚೀಚೆಯಿಲ್ಲ. ನನಗೆ ನಾನೇ ಮೋಸದ ಕಾಗದ ಮಾಡಿಕೊಟ್ಟು, ಚೆನ್ನಾಗಿ ಬಂದಿದೆಯಾ ಎಂದು ಅವನನ್ನೇ ಕೇಳಿದೆ. ‘ಫಸ್ಟ್ ಕ್ಲಾಸ್ ಸಾರ್’ ಎಂದ. ಪೊಲೀಸಿಗೆ ಹೋಗೋಣವೆಂದು ವೆಂಕಟಪ್ಪ ಅಂದ. ಏನೆಂದು ಹೋಗಲಿ? ಕಾಗದದ ಮೇಲಿರುವುದೆಲ್ಲ ನನ್ನ ಕೈಯದೇ.

ಬರಬೇಡ ಎಂದು ಬರೆದದ್ದು ನೀನು ಬೇಡವೆಂದಲ್ಲ. ಬಂದವಳು ಎಂಟನೇ ಕ್ರಾಸಿನಲ್ಲಿ ಟ್ರಂಕು ಹಿಡಿದು ಜೆರಾಕ್ಸ್ ಅಂಗಡಿಯ ಮುಂದೆ ನಿಲ್ಲುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಆದರೆ ಕಾಗದವೂ ನಿಂತುಹೋಗಬಾರದಲ್ಲ. ಅದಕ್ಕೇ ಇಲ್ಲದ ಯಂತ್ರಕ್ಕೆ ಇಲ್ಲದ ರೋಗ ಹುಟ್ಟಿಸಿ ನಾಲ್ಕು ಪುಟ ಬರೆ ಎಂದೆ.

ಆ ಫಾರಂನಲ್ಲಿ ಏನು ಬರೆಯಬೇಕು, ನೀನೇ ಯೋಚಿಸು. ನನ್ನನ್ನು ಕೇಳಿದರೆ, ಬಾ. ಈ ಒಂದು ರೂಮಿನಲ್ಲಿ ಇಬ್ಬರಿಗಾಗುವುದಿಲ್ಲ. ಬೇರೆ ಮನೆ ನೋಡಬೇಕು. ಮನೆಯೆಂದರೆ ಇಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ನಾನು ಹತ್ತು ದಿನದ್ದೂ ಕೊಡಲಾರೆ. ನೀನು ನನ್ನ ಭರವಸೆಯ ಮೇಲೆ ಬಂದು ಮೋಸಹೋಗಬಾರದು. ಅದಕ್ಕೇ ಇದನ್ನು ಹೇಳಿಬಿಡಬೇಕು.

ಒಂದು ಲೈಸೆನ್ಸಿಗೆ ಹನ್ನೆರಡು ಸಾವಿರ ಎಂದ. ನಾನು ಒಂಬತ್ತಕ್ಕೆ ಇಳಿಸಿದೆ. ಎಂಟು ಒಂಬತ್ತಲೆ ಎಪ್ಪತ್ತೆರಡು. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, ‘ಸಾರ್, ಪರ್ಸ್ ಆಫೀಸಲ್ಲೇ ಬಿಟ್ಬಂದೆ’ ಎಂದು ತಲೆ ಕೆರೆದುಕೊಂಡ. ಮಧ್ಯಾಹ್ನವೆಲ್ಲ ಕೂತು ನನ್ನ ಮಾತು ಕೇಳಿದ್ದ. ಆ ವರ್ಷ ನನ್ನೆದುರು ಅಷ್ಟು ಹೊತ್ತು ಕೂತವರು ಅವನೊಬ್ಬನೇ. ಇಲ್ಲವೆನ್ನಲು ಮನಸ್ಸು ಬರಲಿಲ್ಲ.

ಹೋದದ್ದು ಮೂರು ಸಾವಿರವಲ್ಲ ಪುಟ್ಟೀ. ಎಪ್ಪತ್ತೆರಡು ಸಾವಿರದ ನಲವತ್ತು ರೂಪಾಯಿ. ನಲವತ್ತು ಆಟೋಗೆ.

ಶೀನು ಮಾಮ